ಕೆಂಡದ ಕಿಂಡಿ

"ಗುರುಗಳೇ, ಕಟ್ಟಳೆ ಬಂದ ಮೇಲೆ ಮಠದಲ್ಲಿ ಒಂದು ತಪ್ಪೂ ನಡೆದಿಲ್ಲ. ಆದರೂ ನಿಮ್ಮ ಮುಖದಲ್ಲಿ ಸಂತೋಷ ಕಾಣುತ್ತಿಲ್ಲ. ಏಕೆ?"

ಹೀಗೆ ಕೇಳಿದವನು ಕೇತಯ್ಯ. ಗುರುಗಳಿಗೆ ವಯಸ್ಸಾಗಿತ್ತು. ಮಠದ ಆಡಳಿತವನ್ನು ಆ ವರ್ಷ ಅವನಿಗೆ ಒಪ್ಪಿಸಿದ್ದರು. ಬಂದರಿನಿಂದ ರಾಜಧಾನಿಗೆ ಹೋಗುವ ಹೆದ್ದಾರಿಯ ಪಕ್ಕದ ಮಠ ಅದು. ದಾರಿಹೋಕರು ತಂಗುತ್ತಿದ್ದರು, ವರ್ತಕರು ಮಳೆ ನಿಲ್ಲುವ ತನಕ ಉಳಿಯುತ್ತಿದ್ದರು. ಶಿಷ್ಯರ ಗುಂಪೂ ದೊಡ್ಡದಿತ್ತು. ಗಂಟೆ ಹೊಡೆದ ಮೇಲೂ ಮಗ್ಗುಲು ಬದಲಿಸುವವರು, ಪಾಠದ ಹೊತ್ತಿಗೆ ಮಾಯವಾಗುವವರು, ಉಗ್ರಾಣದ ಬೆಲ್ಲಕ್ಕೆ ಕೈ ಹಾಕುವವರು ಎಲ್ಲ ಕಡೆಯಂತೆ ಅಲ್ಲಿಯೂ ಇದ್ದರು. ಗುರುಗಳು ಕಂಡರೆ ಗದರುತ್ತಿದ್ದರು, ಗದರಿ ನಗುತ್ತಿದ್ದರು. ಗದರಿದ್ದು ಮರೆತುಹೋಗುತ್ತಿತ್ತು, ನಕ್ಕಿದ್ದು ಉಳಿಯುತ್ತಿತ್ತು. ಬೆಲ್ಲ ಮಾತ್ರ ಉಳಿಯುತ್ತಿರಲಿಲ್ಲ.

ಕೇತಯ್ಯ ನಗುವವನಲ್ಲ. ಹಾಗೆಂದು ಕೆಟ್ಟವನೂ ಅಲ್ಲ. ಮಠ ಚೆನ್ನಾಗಿರಬೇಕೆಂಬುದೊಂದೇ ಅವನ ಆಸೆ. ಅವನು ಒಂದು ಕಟ್ಟಳೆ ಮಾಡಿದ. ಗಂಟೆ ಹೊಡೆಯುವ ಮೊದಲು ಯಾರೂ ಕೋಣೆ ಬಿಟ್ಟು ಹೊರಡಬಾರದು. ಕೊಟ್ಟ ಕೆಲಸ ಯಾರೂ ತಪ್ಪಿಸಬಾರದು. ತಪ್ಪಿದವನಿಗೆ ಉಪವಾಸ. ತಪ್ಪನ್ನು ಕಂಡೂ ಹೇಳದವನಿಗೂ ಅಷ್ಟೇ ಉಪವಾಸ. ತಾನೂ ಆ ಕಟ್ಟಳೆಗೆ ಹೊರತಲ್ಲ ಎಂದು ಎಲ್ಲರ ಮುಂದೆ ಹೇಳಿದ. ಮೊದಮೊದಲು ಊಟದ ಪಂಕ್ತಿಯಲ್ಲಿ ಎಷ್ಟೋ ಎಲೆಗಳು ಖಾಲಿ ಇದ್ದವು. ಆಮೇಲೆ ಪಂಕ್ತಿ ತುಂಬಿತು. ಬೆಲ್ಲದ ಗಡಿಗೆಯೂ ತುಂಬಿಯೇ ಇತ್ತು. ತಪ್ಪು ಕಂಡೆನೆಂದು ಹೇಳಲು ಬರುವವರೇ ಇಲ್ಲವಾದರು.

ಗುರುಗಳು ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಬಲಗಾಲನ್ನು ಮಡಿಸಿದ ಕಂಬಳಿಯ ಮೇಲೆ ಚಾಚಿದ್ದರು. ಪಾದದ ಗಂಟಿಗೆ ಬಾಡಿಸಿದ ಹರಳೆಲೆ ಸುತ್ತಿ ಬಟ್ಟೆ ಕಟ್ಟಿತ್ತು. ಅದೇನೆಂದು ಹಿಂದಿನ ದಿನದಿಂದ ಯಾರೂ ಕೇಳಿರಲಿಲ್ಲ. ಈಚೆಗೆ ಆ ಮಠದಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

"ಕೇತಯ್ಯ, ಚೀನಾಂಬರ ನೋಡಿದ್ದೀಯಲ್ಲ?" ಎಂದರು ಗುರುಗಳು.

"ನೋಡಿದ್ದೇನೆ. ಅರಸರು ಉಡುವ ಪಟ್ಟೆ."

"ಅದನ್ನು ತರುವ ವರ್ತಕನೊಬ್ಬ ಹಿಂದೆ ಒಂದು ಮಳೆಗಾಲ ಪೂರ್ತಿ ಇಲ್ಲಿ ಉಳಿದಿದ್ದ. ನಮ್ಮ ಹುಳಿಯನ್ನು ಬಯ್ಯುತ್ತ ಬಯ್ಯುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ಹೋಗುವಾಗ ಒಂದು ಕತೆ ಬಿಟ್ಟುಹೋದ. ಕೂತುಕೋ."

ಕೇತಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಬಹಳ ಹಿಂದೆ ಚೀನ ಒಂದು ದೇಶವಾಗಿರಲಿಲ್ಲ. ಹಲವು ಅರಸರು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದರು. ಪಡುವಣ ಅಂಚಿನಲ್ಲಿ ಚಿನ್ ಎಂಬ ರಾಜ್ಯವಿತ್ತು. ಉಳಿದವರು ಅದನ್ನು ಒರಟರ ನಾಡೆಂದು ಆಡಿಕೊಳ್ಳುತ್ತಿದ್ದರು. ಆ ನಾಡಿನ ಒಂದು ಹಳ್ಳಿಯಲ್ಲಿ ಐದು ಮನೆಗಳ ಒಂದು ಸಾಲು. ಮಣ್ಣು ಕುಟ್ಟಿ ಎಬ್ಬಿಸಿದ ಗೋಡೆಗಳು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದೇ ಗೋಡೆ. ಪ್ರತಿ ಗೋಡೆಯಲ್ಲೂ ಕೈ ತೂರುವಷ್ಟು ಒಂದು ಕಿಂಡಿ.

ಆ ಕಿಂಡಿ ಇದ್ದದ್ದು ಕೆಂಡಕ್ಕಾಗಿ. ಅಲ್ಲಿ ಚಳಿ ಬಲವಾದದ್ದು, ಸೌದೆ ಅಪರೂಪವಾದದ್ದು. ಐದು ಮನೆಗಳಲ್ಲಿ ಒಂದು ಮನೆ ಸರದಿಯ ಮೇಲೆ ಬೆಂಕಿ ಕಾಯುತ್ತಿತ್ತು. ಸಂಜೆಯಾದರೆ ಆ ಮನೆಯವರು ಒಡೆದ ಮಡಕೆಯ ಹೋಳಿನಲ್ಲಿ ನಾಲ್ಕು ಕೆಂಡ ಇಟ್ಟು ಕಿಂಡಿಯಿಂದ ಪಕ್ಕದ ಮನೆಗೆ ದಾಟಿಸುತ್ತಿದ್ದರು. ಅವರು ಒಲೆ ಹೊತ್ತಿಸಿಕೊಂಡು ಅದರ ಮುಂದಿನ ಮನೆಗೆ ದಾಟಿಸುತ್ತಿದ್ದರು. ಕೊಡುವವರು "ಬೆಚ್ಚಗಿರಿ" ಎನ್ನಬೇಕು. ತೆಗೆದುಕೊಳ್ಳುವವರು "ನೀವೂ ಬೆಚ್ಚಗಿರಿ" ಎನ್ನಬೇಕು. ಜಗಳವಾಡಿದ ದಿನವೂ ಈ ಮಾತು ತಪ್ಪುತ್ತಿರಲಿಲ್ಲ. ಮುಖ ಗಂಟಿಕ್ಕಿಕೊಂಡು ಬೆಚ್ಚಗಿರಿ ಎನ್ನುವುದು ಕಷ್ಟ. ಹಾಗಾಗಿ ಜಗಳಗಳು ಸಂಜೆಯಾಚೆ ಬೆಳೆಯುತ್ತಿರಲಿಲ್ಲ.

ಸಾಲಿನ ಮೊದಲ ಮನೆ ಒಬ್ಬ ರೈತನದು. ಎರಡನೆಯದು ಬುಟ್ಟಿ ಹೆಣೆಯುವವನದು. ಇಬ್ಬರೂ ಒಂದೇ ಬೀದಿಯ ದೂಳಿನಲ್ಲಿ ಆಡಿ ಬೆಳೆದವರು.

ಆ ರಾಜ್ಯಕ್ಕೆ ಹೊರಗಿನಿಂದ ಒಬ್ಬ ಮಂತ್ರಿ ಬಂದ. ಅವನು ಕಾನೂನು ಬರೆದ. ಬರೆದದ್ದನ್ನು ಅರಮನೆಯಲ್ಲಿ ಮುಚ್ಚಿಡಲಿಲ್ಲ. ಊರ ಬಾಗಿಲಲ್ಲಿ ಓದಿಸಿದ. ಪ್ರಭುವಿಗೂ ಅದೇ, ಪ್ರಜೆಗೂ ಅದೇ ಎಂದ. ಅಳೆಯುವ ಕೊಳಗ ಎಲ್ಲ ಸಂತೆಗಳಲ್ಲೂ ಒಂದೇ ಆಯಿತು. ದಾರಿಗಳ್ಳರು ಇಲ್ಲವಾದರು. ಬೀದಿಯಲ್ಲಿ ಬಿದ್ದ ವಸ್ತುವನ್ನು ಯಾರೂ ಮುಟ್ಟುತ್ತಿರಲಿಲ್ಲ.

ರೈತನಿಗೆ ಆ ಕಾನೂನಿನ ಮೇಲೆ ಪ್ರೀತಿ ಇತ್ತು. ಕಾರಣವೂ ಇತ್ತು. ಹಿಂದೆ ಒಬ್ಬ ಪ್ರಭುವಿನ ಕುದುರೆಗಳು ಪ್ರತಿ ವರ್ಷ ಅವನ ನವಣೆಯ ಹೊಲ ತುಳಿಯುತ್ತಿದ್ದವು. ಅವನ ಅಪ್ಪ ಕೈಮುಗಿದು ನಿಂತು ನೋಡಿದ್ದ. ಅವನೂ ಕೈಮುಗಿದು ನಿಂತು ನೋಡಿದ್ದ. ಕಾನೂನು ಬಂದ ವರ್ಷ ಆ ಪ್ರಭುವಿಗೆ ಸಂತೆಯ ನಡುವೆ ಛಡಿಯೇಟು ಬಿತ್ತು. ತುಳಿದಷ್ಟು ನವಣೆ ರೈತನ ಅಂಗಳಕ್ಕೆ ವಾಪಸು ಬಂತು. ಅಂದಿನಿಂದ ಕಾನೂನು ಓದಿಸುವ ದಿನ ಊರ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು ಅವನೇ. ಕಿವಿಯಿಂದ ಕೇಳಿಯೇ ಅವನಿಗೆ ಎಲ್ಲ ಬಾಯಿಪಾಠವಾಗಿತ್ತು.

ಆ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಐದು ಮನೆಗಳಿಗೆ ಒಂದು ಕಟ್ಟು. ಕಟ್ಟಿನ ಒಂದು ಮನೆಯಲ್ಲಿ ತಪ್ಪು ನಡೆದರೆ ಉಳಿದ ನಾಲ್ಕು ಮನೆಯವರು ಹೇಳಬೇಕು. ಹೇಳಿದವನಿಗೆ ಯುದ್ಧದಲ್ಲಿ ಶತ್ರುವಿನ ತಲೆ ತಂದವನಿಗೆ ಸಿಗುವ ಬಹುಮಾನ. ಕಂಡೂ ಹೇಳದವನಿಗೆ ಸೊಂಟದಲ್ಲಿ ಎರಡು ತುಂಡು. ಅವನ ಹೆಂಡತಿ ಮಕ್ಕಳು ಅರಮನೆಯ ತೊತ್ತುಗಳು.

ಇದನ್ನು ಕೇಳಿ ಐದು ಮನೆಯವರು ನಕ್ಕರು. ನಾವು ಮೊದಲೇ ಒಂದು ಕಟ್ಟಲ್ಲವೇ, ಹೊಸದಾಗಿ ಕಟ್ಟುವುದೇನಿದೆ ಎಂದರು.

ಒಂದು ಚಳಿಗಾಲ. ಬೆಂಕಿ ಕಾಯುವ ಸರದಿ ರೈತನದು. ಅವನ ಹೆಂಡತಿ ಬಸುರಿ. ಮದುವೆಯಾಗಿ ಎಷ್ಟೋ ವರ್ಷಗಳಿಗೆ ಆಗಿದ್ದ ಬಸಿರು. ಅವಳನ್ನು ಏಳಲು ಬಿಡದೆ ರೈತನೇ ಕೆಂಡ ಹೋಳಿಗೆ ಹಾಕಿ ಕಿಂಡಿಯಲ್ಲಿ ಚಾಚಿದ. "ಬೆಚ್ಚಗಿರಿ" ಎಂದ.

ಆಚೆಯಿಂದ ಒಂದು ಕೈ ಬಂತು. ಅದು ಬುಟ್ಟಿಯವನ ಕೈಯಲ್ಲ. ಎರಡು ಬೆರಳು ಹಿಮಕ್ಕೆ ಸತ್ತು ಕಪ್ಪಾಗಿದ್ದವು. ಹೆಬ್ಬೆರಳ ಬುಡದಲ್ಲಿ ಹಳೆಯ ಕುಡುಗೋಲಿನ ಗಾಯದ ಗುರುತು. ಆ ಗುರುತನ್ನು ರೈತ ಬಲ್ಲ. ಚಿಕ್ಕಂದಿನಲ್ಲಿ ಹುಲ್ಲು ಕೊಯ್ಯುವಾಗ ಅವನ ಕುಡುಗೋಲೇ ಅಲ್ಲಿ ತಾಗಿತ್ತು. ಅದು ಬುಟ್ಟಿಯವನ ತಮ್ಮನ ಕೈ. ಆ ತಮ್ಮ ಗಡಿಯ ಪಡೆಯಲ್ಲಿ ಇರಬೇಕಾದವನು.

"ನೀವೂ..." ಎಂದಿತು ದನಿ. ಅಷ್ಟರಲ್ಲಿ ಯಾರೋ ಆ ಕೈಯನ್ನು ಹಿಂದಕ್ಕೆ ಎಳೆದರು.

ರೈತ ಕಿಂಡಿಯ ಮುಂದೆ ನಿಂತೇ ಇದ್ದ. ಪಡೆಯಿಂದ ಓಡಿ ಬಂದವನಿಗೆ ಸಾವು. ಅಡಗಿಸಿದವನಿಗೆ ಸಾವು. ಕಂಡವನು ಹೇಳದಿದ್ದರೆ ಅವನಿಗೂ ಸಾವು. ಅವನು ತಿರುಗಿ ನೋಡಿದ. ಹೆಂಡತಿ ಒಲೆಯ ಬಳಿ ಕುಳಿತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳು ಅರಮನೆಯ ತೊತ್ತಾಗಿ ನೆಲ ಒರೆಸುವುದನ್ನೂ ಮಗು ಹುಟ್ಟುತ್ತಲೇ ತೊತ್ತಾಗುವುದನ್ನೂ ಅವನು ಕಣ್ಣ ಮುಂದೆ ಕಂಡ. ಅವನಿಗೆ ಭಯವಾಯಿತು. ಗೆಳೆಯನನ್ನು ಹಿಡಿದುಕೊಟ್ಟು ಬದುಕುವುದನ್ನು ನೆನೆದ. ಅದಕ್ಕೂ ಭಯವಾಯಿತು.

ಹೇಳಲು ಮನಸ್ಸು ಒಪ್ಪಲಿಲ್ಲ. ಹೇಳದಿರಲು ಧೈರ್ಯ ಸಾಲಲಿಲ್ಲ. ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ಕಂಡವನು ತಾನೇ ಹೇಳಬೇಕಾದವನು? ಕಾಣದವನಿಗೆ ಕಾನೂನೂ ಏನು ಮಾಡೀತು?

ಮರುದಿನ ಬೆಳಿಗ್ಗೆ ಮಣ್ಣಿಗೆ ಹುಲ್ಲು ಬೆರೆಸಿ ಕಲಸಿದ. ಕಿಂಡಿಗೆ ಮೆತ್ತಿದ. ಮೆತ್ತಿದ ಮೇಲೆ ಇನ್ನೊಂದು ಪದರ ಮೆತ್ತಿದ.

"ಕಿಂಡಿ ಯಾಕೆ ಮುಚ್ಚಿಬಿಟ್ಟೆ?" ಎಂದಳು ಹೆಂಡತಿ.

"ಗಾಳಿ ಬರುತ್ತೆ. ನಿನಗಾಗೋದಿಲ್ಲ" ಎಂದ.

ಹೆಂಡತಿಗೂ ಅವನು ನಿಜ ಹೇಳಲಿಲ್ಲ. ತಿಳಿದರೆ ಅವಳೂ ಕಂಡವಳಾಗುತ್ತಿದ್ದಳು. ಬುಟ್ಟಿಯವನಿಗೆ ಅರ್ಥವಾಗುತ್ತದೆ ಎಂದುಕೊಂಡ. ನಿನ್ನನ್ನು ನಾನು ಕಾಣಲಿಲ್ಲ ಎಂದು ಗೋಡೆಯೇ ಹೇಳುತ್ತದೆ ಎಂದುಕೊಂಡ. ಅಂದು ಅವನಿಗೆ ಮನಸ್ಸು ಹಗುರವಾಯಿತು. ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎನಿಸಿತು.

ಇಲ್ಲಿ ಗುರುಗಳು ನಿಲ್ಲಿಸಿ ತಂಬಿಗೆಯ ನೀರು ಕುಡಿದರು.

"ಅವನು ಮಾಡಿದ್ದು ಸರಿಯೇ ಅಲ್ಲವೇ, ಗುರುಗಳೇ? ಕಾನೂನೂ ಮುರಿಯಲಿಲ್ಲ, ಗೆಳೆಯನೂ ಉಳಿದ" ಎಂದ ಕೇತಯ್ಯ.

ಹೇಳುವಾಗ ಅವನಿಗೆ ಹಿಂದಿನ ದಿನದ ನಸುಕು ನೆನಪಾಯಿತು. ಗಂಟೆಗೆ ಇನ್ನೂ ಹೊತ್ತಿತ್ತು. ಕೆರೆಯ ಕಡೆಯಿಂದ ಯಾರೋ ಕೂಗಿದಂತಾಗಿ ಅವನಿಗೆ ಎಚ್ಚರವಾಗಿತ್ತು. ಅಡಿಗೆಯ ಬಾಚಯ್ಯನೇ ಇರಬೇಕು ಎಂದುಕೊಂಡ. ಬಾಚಯ್ಯನಿಗೆ ಬೇಗ ಎದ್ದು ನೀರಿಗಿಳಿಯುವ ಚಪಲ. ಜ್ವರ ಬಿಟ್ಟು ಎದ್ದ ಮೈ ಬೇರೆ, ಉಪವಾಸ ತಡೆಯುವಂಥದ್ದಲ್ಲ. ಎದ್ದು ಹೋದರೆ ಕಾಣಬೇಕಾಗುತ್ತದೆ. ಕಂಡರೆ ಶಿಕ್ಷಿಸಬೇಕಾಗುತ್ತದೆ. ಕೇತಯ್ಯ ಕಂಬಳಿಯನ್ನು ಕಿವಿಯ ತನಕ ಎಳೆದುಕೊಂಡಿದ್ದ. ದನಿ ಮತ್ತೆರಡು ಸಲ ಕೇಳಿ ನಿಂತಿತ್ತು. ಬೆಳಿಗ್ಗೆ ಬಾಚಯ್ಯ ಎಂದಿನಂತೆ ಗಂಜಿ ಬಡಿಸಿದ. ಅವನಿಗೆ ಒಂದು ಉಪಕಾರ ಮಾಡಿದೆನೆಂದು ಕೇತಯ್ಯ ಒಳಗೊಳಗೇ ಹಿಗ್ಗಿದ್ದ.

ಗುರುಗಳು ತಂಬಿಗೆ ಕೆಳಗಿಟ್ಟು ಕತೆ ಮುಂದುವರಿಸಿದರು.

ಗೋಡೆಯ ಆಚೆ ಬುಟ್ಟಿಯವನು ಹಸಿ ಮಣ್ಣನ್ನು ನೋಡಿದ. ಕಂಡುಬಿಟ್ಟಿದ್ದಾನೆ ಎಂದುಕೊಂಡ. ಚಾಡಿ ಹೇಳುವವನು ಮೊದಲು ಮುಖ ತಿರುಗಿಸುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಊರ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕಾನೂನು ಕೇಳುವವನು ಸುಮ್ಮನಿರುತ್ತಾನೆಯೇ? ಇಂದಲ್ಲ ನಾಳೆ ಹೇಳುತ್ತಾನೆ.

ಹೋಗಿ ಕೇಳೋಣವೆಂದರೆ ಕೇಳುವುದೇ ಒಪ್ಪಿಕೊಂಡಂತೆ. ರೈತ ತಾನಾಗಿ ಬಂದು ಹೇಳಿದರೆ ಆ ಹೇಳುವುದೇ ಕಂಡೆನೆಂದಂತೆ. ಒಂದು ಮಾತು ಆಡಿದ್ದರೆ ಎಲ್ಲ ತಿಳಿಯಾಗುತ್ತಿತ್ತು. ಆ ಒಂದು ಮಾತೇ ಅಪರಾಧವಾಗಿತ್ತು.

ಮೂರನೆಯ ಮನೆಯವರು ಇದನ್ನು ನೋಡಿದರು. ಇವರಿಬ್ಬರ ನಡುವೆ ಏನೋ ಇದೆ, ನಮಗೇಕೆ ಬೇಕು ಎಂದುಕೊಂಡರು. ತಮ್ಮ ಕಿಂಡಿಗೂ ಮಣ್ಣು ಮೆತ್ತಿದರು. ಅವರನ್ನು ನೋಡಿ ನಾಲ್ಕನೆಯವರು, ನಾಲ್ಕನೆಯವರನ್ನು ನೋಡಿ ಐದನೆಯವರು. ಯಾರ ಮನೆಯಲ್ಲಿ ಒಬ್ಬರಿಗೆ ತೋರಿಸಬಾರದ್ದು ಒಂದಿಷ್ಟು ಇರುವುದಿಲ್ಲ? ವಸಂತ ಬರುವ ಹೊತ್ತಿಗೆ ಐದು ಮನೆಗಳಲ್ಲಿ ಐದು ಬೆಂಕಿ ಉರಿಯುತ್ತಿದ್ದವು. ಸೌದೆಗೆ ಬೆಟ್ಟ ಬೋಳಾಗತೊಡಗಿತು. ಬೆಚ್ಚಗಿರಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ.

ತಿಂಗಳಿಗೊಮ್ಮೆ ಬರುವ ಅಧಿಕಾರಿ ಸಾಲನ್ನು ಮೆಚ್ಚಿಕೊಂಡ. ಈ ಕಟ್ಟಿನಲ್ಲಿ ಇದುವರೆಗೆ ಒಂದು ದೂರೂ ಇಲ್ಲ ಎಂದು ಊರ ಬಾಗಿಲಲ್ಲಿ ಸಾರಿಸಿದ. ಐದು ಮನೆಯವರೂ ತಲೆ ತಗ್ಗಿಸಿ ನಿಂತರು. ನೋಡಿದವರು ಅದನ್ನು ವಿನಯವೆಂದುಕೊಂಡರು.

ಕಾಲುವೆ ತೋಡುವ ಬಿಟ್ಟಿ ಕೆಲಸಕ್ಕೆ ರೈತನಿಗೆ ಕರೆ ಬಂತು. ಹೆಂಡತಿಗೆ ಇನ್ನೂ ದಿನ ತುಂಬಿರಲಿಲ್ಲ. ಬುಟ್ಟಿಯವನ ಮನೆಯಲ್ಲಿ ಅವನ ಮುದಿ ತಾಯಿ ಇದ್ದಳು. ಆ ಸಾಲಿನಲ್ಲಿ ಹುಟ್ಟಿದ ಎಲ್ಲ ಮಕ್ಕಳನ್ನೂ ಹಿಡಿದ ಕೈ ಅವಳದು. ರೈತನೂ ಅವಳ ಕೈಗೇ ಬಿದ್ದವನು.

ಹೊರಡುವ ದಿನ ರೈತ ಬುಟ್ಟಿಯವನ ಬಾಗಿಲಿಗೆ ಹೋಗಿ ನಿಂತ. ಹೆಂಡತಿಯನ್ನು ನೋಡಿಕೊಳ್ಳಿ ಎಂದು ಹೇಳಬೇಕಿತ್ತು. ಬುಟ್ಟಿಯವನು ಹೊರಗೆ ಬಂದು ಬೆನ್ನ ಹಿಂದೆ ಬಾಗಿಲು ಎಳೆದುಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಗಾಳಿ ಜೋರಾಗಿದೆ" ಎಂದ ರೈತ.

"ಹೌದು, ಜೋರಾಗೇ ಇದೆ" ಎಂದ ಬುಟ್ಟಿಯವನು.

ರೈತ ಮನೆಗೆ ಬಂದು ಹೆಂಡತಿಗೆ ಹೇಳಿದ. "ಹೊತ್ತು ಬಂದರೆ ಗೋಡೆಗೆ ಬಡಿ. ಅಜ್ಜಿ ಓಡಿ ಬರ್ತಾಳೆ." ಹೇಳಿ ಹೊರಟುಹೋದ.

ಹೊತ್ತು ಬೇಗ ಬಂತು. ಹಳದಿ ದೂಳಿನ ಗಾಳಿ ಬೀಸುತ್ತಿದ್ದ ಒಂದು ಸಂಜೆ ಅವಳಿಗೆ ನೋವು ಕಾಣಿಸಿತು. ಒನಕೆ ತೆಗೆದುಕೊಂಡು ಗೋಡೆಗೆ ಬಡಿದಳು. ಕಿಂಡಿ ಇದ್ದ ಜಾಗಕ್ಕೇ ಬಡಿದಳು. "ಅಜ್ಜೀ" ಎಂದು ಕೂಗಿದಳು.

ಮುದುಕಿ ಧಡಕ್ಕನೆ ಎದ್ದಳು. ಮಗ ಅವಳ ಕೈ ಹಿಡಿದ.

"ಬಿಡೋ. ಹೆರಿಗೆ ನೋವು ಅದು. ನನಗೆ ಗೊತ್ತಾಗಲ್ವಾ?"

"ಅವ್ವಾ, ಅವಳಿಗಿನ್ನೂ ದಿನ ತುಂಬಿಲ್ಲ. ಕಿಂಡಿ ಮುಚ್ಚಿದವರು ಈಗ ಯಾಕೆ ಕರೀತಾರೆ? ಬಾಗಿಲು ತೆಗೆಸೋ ಉಪಾಯ ಇದು. ಹೊರಗೆ ಯಾರು ಕಾದು ನಿಂತಿದ್ದಾರೋ."

ಬುಟ್ಟಿಗಳ ರಾಶಿಯ ಹಿಂದಿನಿಂದ ತಮ್ಮ ಎದ್ದು ಬಂದ. "ನಾನೇ ಹೊರಗೆ ಹೋಗ್ತೀನಿ, ಅಣ್ಣ. ನನ್ನನ್ನ ಹಿಡಕೊಳ್ಳಲಿ. ಅವ್ವ ಹೋಗಲಿ" ಎಂದ. ಬುಟ್ಟಿಯವನು ಇನ್ನೊಂದು ಕೈಯಲ್ಲಿ ಅವನನ್ನೂ ಹಿಡಿದ. ಒಂದು ಕೈಯಲ್ಲಿ ತಾಯಿ, ಒಂದು ಕೈಯಲ್ಲಿ ತಮ್ಮ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಬಿಡಲಿಲ್ಲ.

ಮೂರನೆಯ ಮನೆಗೂ ಕೂಗು ಕೇಳಿಸಿತು. ಹತ್ತಿರದವರೇ ಹೋಗಲಿಲ್ಲವೆಂದರೆ ಏನೋ ಕಾರಣ ಇರಬೇಕು ಎಂದುಕೊಂಡರು. ನಾಲ್ಕನೆಯ ಮನೆಗೂ ಕೇಳಿಸಿತು. ಐದನೆಯ ಮನೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಯಾವ ಮನೆಗೂ ಏನೂ ಕೇಳಿಸದಾಯಿತು.

ಬೆಳಗಾಗುತ್ತಲೇ ಮುದುಕಿ ಮಗನ ಕೈ ಕೊಡವಿಕೊಂಡು ಹೊರಗೆ ಬಂದಳು. ಬಾಗಿಲ ಮುಂದೆ ಯಾವ ಅಧಿಕಾರಿಯೂ ಇರಲಿಲ್ಲ. ಅವಳು ರೈತನ ಮನೆಯೊಳಗೆ ಹೋದಳು. ತಾಯಿಯೂ ಬದುಕಿರಲಿಲ್ಲ, ಮಗುವೂ ಬದುಕಿರಲಿಲ್ಲ. ಗಂಡು ಮಗು. ಮುದುಕಿ ಅವನಿಗೆ ಸ್ನಾನ ಮಾಡಿಸಿ ಬಟ್ಟೆ ಸುತ್ತಿ ತಾಯಿಯ ಮಗ್ಗುಲಲ್ಲಿ ಮಲಗಿಸಿದಳು. ಅವಳು ಹಿಡಿಯದೆ ಆ ಸಾಲಿನಲ್ಲಿ ಹುಟ್ಟಿದ ಮಗು ಅದೊಂದೇ.

ರೈತ ವಾಪಸು ಬಂದ. ಅವನ ಹಿಂದೆಯೇ ಸಾವಿನ ವಿಚಾರಣೆಗೆ ಅಧಿಕಾರಿ ಬಂದ. ಆ ಅಧಿಕಾರಿ ಲಂಚ ಮುಟ್ಟುವವನಲ್ಲ, ಬಡವನ ಮಾತನ್ನು ನಿಂತು ಕೇಳುವವನು. ನೆರೆಯವರ ಕೂಗು ಕೇಳಿಯೂ ಬರದವನಿಗೆ ಶಿಕ್ಷೆ ಎಂದು ಆ ಕಾನೂನಿನಲ್ಲಿಯೇ ಇತ್ತು. ಅಷ್ಟು ಒಳ್ಳೆಯ ಮಾತೂ ಅದರಲ್ಲಿತ್ತು. ಅಧಿಕಾರಿ ಐದು ಮನೆಯವರನ್ನೂ ಬೀದಿಯಲ್ಲಿ ನಿಲ್ಲಿಸಿದ. ಕೂಗು ಕೇಳಿಸಿತೇ ಎಂದು ಒಬ್ಬೊಬ್ಬರನ್ನೇ ಕೇಳಿದ. ಇಲ್ಲ ಎಂದರು. ಬುಟ್ಟಿಯವನೂ ಇಲ್ಲ ಎಂದ. ಮುದುಕಿ ಬಾಯಿ ತೆರೆದಳು, ಮಗನ ಕಡೆ ನೋಡಿ ಮುಚ್ಚಿಕೊಂಡಳು.

ಅಧಿಕಾರಿ ಕೊನೆಗೆ ರೈತನ ಕಡೆ ತಿರುಗಿದ. "ಸತ್ತವಳು ನಿನ್ನ ಹೆಂಡತಿ. ಆ ಗೋಡೆ ನಿನಗೆ ಗೊತ್ತು. ಇಲ್ಲಿ ಕೂಗಿದರೆ ಅಲ್ಲಿಗೆ ಕೇಳಿಸುತ್ತದೆಯೋ ಇಲ್ಲವೋ, ನೀನು ಹೇಳು."

ರೈತನಿಗೆ ಆ ಗೋಡೆ ಚೆನ್ನಾಗಿ ಗೊತ್ತಿತ್ತು. ಕಿಂಡಿ ಮುಚ್ಚಿದ ಮೇಲೂ ಎಲ್ಲ ಕೇಳಿಸುತ್ತಿತ್ತು. ಮುದುಕಿಯ ಕೆಮ್ಮು ಕೇಳಿಸುತ್ತಿತ್ತು. ಬಿದಿರು ಸೀಳುವ ಸದ್ದು ಕೇಳಿಸುತ್ತಿತ್ತು. ಗಡಿಯಿಂದ ಓಡಿ ಬಂದವನು ನಿದ್ದೆಯಲ್ಲಿ ಅಳುವುದೂ ಕೇಳಿಸುತ್ತಿತ್ತು. ಮಣ್ಣು ಕಣ್ಣಿಗೆ ಅಡ್ಡ ಬಂದಿತ್ತು, ಕಿವಿಗೆ ಬಂದಿರಲಿಲ್ಲ. ಹೌದು, ಕೇಳಿಸುತ್ತದೆ ಎಂದು ಅವನು ಹೇಳಿದ್ದರೆ ನಾಲ್ಕು ಮನೆಗಳೂ ಅಂದೇ ಮುಗಿಯುತ್ತಿದ್ದವು. ಹೇಳಬೇಕೆಂದು ಅವನ ನಾಲಗೆ ತುರಿಸಿತು. ಹೆಂಡತಿ ಹೇಗೆ ಕೂಗಿರಬೇಕೆಂದು ನೆನೆದ.

ಅವನು ಬುಟ್ಟಿಯವನ ಕಡೆ ನೋಡಿದ. ಕಿಂಡಿ ಮುಚ್ಚಿದ ಮೇಲೆ ಅವನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಅಲ್ಲಿದ್ದದ್ದು ದ್ವೇಷವಲ್ಲ, ಭಯ. ರೈತನಿಗೆ ಆಗ ಎಲ್ಲವೂ ಅರ್ಥವಾಯಿತು.

"ಗೋಡೆ ದಪ್ಪ, ಸ್ವಾಮಿ" ಎಂದ. "ಮಣ್ಣು ಮೆತ್ತಿದವನು ನಾನೇ."

ಅಧಿಕಾರಿ ತಲೆಯಾಡಿಸಿದ. ಈ ಕಟ್ಟಿನಲ್ಲಿ ತಪ್ಪಿತಸ್ಥರು ಯಾರೂ ಇಲ್ಲ ಎಂದು ಹೇಳಿ ಕುದುರೆ ಹತ್ತಿದ. ಅವನಿಗೆ ತಿಳಿದ ಮಟ್ಟಿಗೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲರೂ ಇಲ್ಲ ಎಂದ ಮೇಲೆ ಕಾನೂನಿನ ಕೈಗೆ ಒಬ್ಬ ತಪ್ಪಿತಸ್ಥನೂ ಸಿಗುವಂತಿರಲಿಲ್ಲ.

ಸಂಜೆ ರೈತ ಆರಿದ ಒಲೆಯ ಮುಂದೆ ಕುಳಿತಿದ್ದ. ಗೋಡೆಯ ಆಚೆಯಿಂದ ಏನೋ ಕೆರೆಯುವ ಸದ್ದಾಯಿತು. ಮಣ್ಣಿನ ಹೆಂಟೆಯೊಂದು ಕಳಚಿ ಒಳಗೆ ಬಿತ್ತು. ಆಮೇಲೆ ಇನ್ನೊಂದು. ತೆರೆದ ಕಿಂಡಿಯಿಂದ ಒಂದು ಕೈ ಬಂತು. ಹೆಬ್ಬೆರಳ ಬುಡದಲ್ಲಿ ಕುಡುಗೋಲಿನ ಗುರುತಿದ್ದ ಕೈ. ಈ ಸಲ ಅದನ್ನು ಯಾರೂ ಹಿಂದಕ್ಕೆ ಎಳೆಯಲಿಲ್ಲ. ಮಡಕೆಯ ಹೋಳಿನಲ್ಲಿ ನಾಲ್ಕು ಕೆಂಡ ಇದ್ದವು.

"ಬೆಚ್ಚಗಿರಣ್ಣ" ಎಂದಿತು ದನಿ.

ಅದಕ್ಕೆ ಹೇಳಬೇಕಾದ ಉತ್ತರ ರೈತನ ಬಾಯಿಗೆ ಬರಲಿಲ್ಲ. ಅವನು ಹೋಳನ್ನು ತೆಗೆದುಕೊಂಡ. ಊರಿಗೆ ಬಂದ ಮೇಲೆ ಅವನು ಮೊದಲ ಸಲ ಅತ್ತದ್ದು ಆಗ.

ಗುರುಗಳು ಮಾತು ನಿಲ್ಲಿಸಿದರು. ಕೇತಯ್ಯ ಕೇಳಿದ.

"ಆಮೇಲೆ? ಆ ಓಡಿ ಬಂದವನನ್ನು ಹಿಡಿದರೇ?"

"ಅದು ವರ್ತಕನಿಗೂ ಗೊತ್ತಿರಲಿಲ್ಲ. ಬಡವರ ಕತೆಗೆ ಬಾಲ ಇರುವುದಿಲ್ಲ. ಆ ರಾಜ್ಯದ ಕತೆ ಮಾತ್ರ ಅವನಿಗೆ ತುದಿಯ ತನಕ ಗೊತ್ತಿತ್ತು. ಚಿನ್ ರಾಜ್ಯದ ಎದುರು ಯಾರೂ ನಿಲ್ಲಲಾರದಾದರು. ಅಷ್ಟು ಕಟ್ಟುನಿಟ್ಟಿನ ನಾಡು ಇನ್ನೊಂದಿರಲಿಲ್ಲ. ಉಳಿದ ಅರಸರನ್ನೆಲ್ಲ ಗೆದ್ದು ಚೀನವನ್ನೆಲ್ಲ ಒಂದು ಮಾಡಿತು. ಒಂದು ಮಾಡಿ ಹದಿನೈದೇ ವರ್ಷ ಬಾಳಿತು. ಅಷ್ಟರಲ್ಲಿ ದಂಗೆ ಎದ್ದಿತು. ಅರಮನೆಗೆ ಬೆಂಕಿ ಬಿತ್ತು."

"ಅಷ್ಟು ದೊಡ್ಡ ರಾಜ್ಯಕ್ಕೆ ಒದಗುವವರು ಯಾರೂ ಇರಲಿಲ್ಲವೇ?"

"ಅರಮನೆಯವರೂ ಕೂಗಿರಬೇಕು. ನಾಡಿಗೆಲ್ಲ ಕೇಳಿಸಿಯೂ ಇರಬೇಕು. ಕೇಳಿಸದಂತೆ ಇರುವುದನ್ನು ಜನಕ್ಕೆ ಅವರೇ ಕಲಿಸಿದ್ದರಲ್ಲ."

ಕೇತಯ್ಯ ಇದಕ್ಕೆ ಸುಲಭವಾಗಿ ಸೋಲುವವನಲ್ಲ. ಅವನು ಯೋಚಿಸಿ ಹೇಳಿದ. "ಆದರೆ ಗುರುಗಳೇ, ಕೂಗು ಕೇಳಿದರೆ ಓಡಿ ಹೋಗಿ ಎಂದೇ ಕಾನೂನು ಹೇಳಿತ್ತು. ರೈತನೂ ಒಳ್ಳೆಯದನ್ನೇ ಬಗೆದಿದ್ದ. ತಪ್ಪೆಲ್ಲ ಆ ಬುಟ್ಟಿಯವನದು. ಯಾರು ಕೂಗುತ್ತಿದ್ದಾರೆ, ಏಕೆ ಕೂಗುತ್ತಿದ್ದಾರೆ ಎಂದು ಒಂದು ಸಲ ಎದ್ದು ಹೋಗಿ ನೋಡಿದ್ದರೆ ಸಾಕಿತ್ತು."

ಗುರುಗಳು ಬಾಗಿ ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದರು. ಹರಳೆಲೆಯನ್ನು ತೆಗೆದು ಪಕ್ಕಕ್ಕಿಟ್ಟರು. ಗಂಟು ಊದಿ ನೀಲಿಯಾಗಿತ್ತು. ಅವರು ಅದನ್ನು ಒಮ್ಮೆ ನೋಡಿ, ಆಮೇಲೆ ಶಿಷ್ಯನನ್ನು ನೋಡಿದರು.

"ನಿನ್ನೆ ನಸುಕಿನಲ್ಲಿ ಕೆರೆಯ ಮೆಟ್ಟಿಲಲ್ಲಿ ಬಿದ್ದು ಕೂಗಿದವನು ನಾನು, ಕೇತಯ್ಯ."